ಮಾನವಮಿಗೆ ತಿಕ್ಕದ ಗೋಡೆ

ಆದೆಮ್ಮ ಯಾರಿಗೂ ಬಗ್ಗುವವಳಲ್ಲ. ಬಗ್ಗಿದರೆ ನೆಲಕ್ಕೆ ಬಗ್ಗುತ್ತಾಳೆ, ಆಮೇಲೆ ಅವಳನ್ನು ಎಬ್ಬಿಸುವುದು ಯಾರ ಕೈಲೂ ಆಗುವುದಿಲ್ಲ. ಮಾನ್ವಿಯ ಕಾಲೇಜಿನಲ್ಲಿ ಅವಳು ಜೀವಶಾಸ್ತ್ರ ಕಲಿಸುತ್ತಾಳೆ. ಮೊನ್ನೆ ಮೊನ್ನೆಯವರೆಗೆ ನಾನು ಅಲ್ಲೇ ಕನ್ನಡ ಕಲಿಸುತ್ತಿದ್ದೆ. ಅದಕ್ಕೂ ಮೊದಲು ದೇವದುರ್ಗದಲ್ಲಿ ಅವಳು ನನ್ನ ವಿದ್ಯಾರ್ಥಿನಿಯಾಗಿದ್ದಳು, ಆದ್ದರಿಂದ ಇಲ್ಲಿ ಏಕವಚನದಲ್ಲಿಯೇ ಬರೆಯುತ್ತೇನೆ. ಯಾರೂ ತಪ್ಪು ತಿಳಿಯಬೇಡಿ. ಅವಳಂತೂ ತಿಳಿಯುವುದಿಲ್ಲ, ಜಗಳ ಆಡಲು ಅವಳಿಗೆ ಬೇರೆ ವಿಷಯಗಳು ಬೇಕಾದಷ್ಟಿವೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ತನ್ನ ಇಡೀ ತರಗತಿಯನ್ನು ಕಾಲೇಜಿನ ನೀರಿನ ಟ್ಯಾಂಕಿನ ಹಿಂದೆ ಕರೆದೊಯ್ದಿದ್ದಳು. ಅಲ್ಲಿ ಸೋರುವ ಪೈಪಿನ ಕೆಳಗೆ ಹಸಿರು ಕಟ್ಟಿತ್ತು. ಹುಡುಗಿಯರು ದುಪಟ್ಟಾ ಸಿಕ್ಕಿಸಿಕೊಂಡು, ಹುಡುಗರು ಮೂಗು ಮುಚ್ಚಿಕೊಂಡು ಗೋಡೆಗೆ ಮುಖ ಹಚ್ಚಿ ನಿಂತಿದ್ದರು. ಪ್ರಿನ್ಸಿಪಾಲರು ಓಡಿ ಬಂದರು.

"ಪಾಠ ಬಿಟ್ಟು ಇಲ್ಲೇನ್ ಮಾಡಾಕತ್ತೀರಿ ಮೇಡಂ?"

"ಪಾಠ ಇಲ್ಲೇ ಅದ ಸರ್. ನೀವೂ ಬರ್ರಿ."

ಪ್ರಿನ್ಸಿಪಾಲರು ಹೋಗಲಿಲ್ಲ. ಅಂದಿನಿಂದ ಅವಳಿಗೆ 'ಪಾಚಿ ಮೇಡಂ' ಎಂಬ ಹೆಸರು ಬಿತ್ತು. ಹೆಸರಿಟ್ಟದ್ದಕ್ಕೆ ಅವಳಿಗೆ ಬೇಜಾರಿಲ್ಲ, ತಪ್ಪು ಹೆಸರಿಟ್ಟದ್ದಕ್ಕೆ ಇದೆ. ಪಾಚಿ ಎಂದರೆ ನೀರಿನ ಮೇಲೆ, ಮೆಟ್ಟಿಲ ಮೇಲೆ ಲೋಳೆಯಂತೆ ಹರಡುವುದು, ಅದಕ್ಕೆ ಕಾಂಡವೂ ಇಲ್ಲ ಎಲೆಯೂ ಇಲ್ಲ. ತಾನು ತೋರಿಸುವುದು ಹಾವಸೆ, ಇಂಗ್ಲಿಷಿನ ಮಾಸ್, ಅದಕ್ಕೆ ಎರಡೂ ಇವೆ. ಇದನ್ನು ಅವಳು ಸ್ಟಾಫ್ ರೂಮಿನಲ್ಲಿ ಚಹಾ ಆರುವವರೆಗೂ ಹೇಳುತ್ತಿದ್ದಳು. ನನಗೆ ಎರಡೂ ಹಸಿರು, ಎರಡೂ ಜಾರುತ್ತವೆ, ಅಷ್ಟೇ. ಹಾಗೆಂದು ಬಾಯಿ ಬಿಟ್ಟು ಹೇಳಿ ಒಮ್ಮೆ ಸಿಕ್ಕಿಹಾಕಿಕೊಂಡೆ.

"ಹಂಗಾದ್ರ ಭಾನುವಾರ ನಮ್ಮೂರಿಗೆ ಬರ್ರಿ ಸರ್. ನಿಮಗ ಒಂದು ತೋರಿಸ್ತೀನಿ."

ಅವಳ ತವರು ಮಾನ್ವಿಯಿಂದ ದೇವದುರ್ಗದ ಕಡೆ ಹೋಗುವಾಗ ದೊಡ್ಡ ರಸ್ತೆ ಬಿಟ್ಟು ಒಳಗೆ ಸಿಗುತ್ತದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಊರಿಗೆ ಊರೇ ನನ್ನ ಮನೆಗೆ ಬಂದು ಕೂರುತ್ತದೆ. ಊರ ಹಿಂದೆ ಗುಂಡುಗಲ್ಲಿನ ಗುಡ್ಡ, ಗುಡ್ಡದ ಮೈಗೆಲ್ಲ ಕಾರೆ, ಜಾಲಿ, ತೋಳಿಗೆ ಹಿಡಿದು ಬಿಡದ ಮುಳ್ಳುಕಂಟಿ. ನಮ್ಮ ಕಡೆ ಕಾಡು ಎಂದರೆ ಇದೇ. ಎರಡು ದೊಡ್ಡ ಬಂಡೆಗಳ ನಡುವೆ ಒಂದು ಗವಿ, ಗವಿಯ ಬಾಯಿಗೆ ಬಸರಿ ಮರ, ಒಳಗೆ ಕುಂಕುಮ ಬಳಿದ ಕಲ್ಲು. ಅವಳು ಗವಿಯವ್ವ. ಕುರುಬರ ಮನೆಗಳ ದೇವರು, ಈಗ ಊರಿನ ಎಲ್ಲರೂ ನಡೆದುಕೊಳ್ಳುತ್ತಾರೆ. ಅವಳ ಹಿಂದಿನ ಬಂಡೆಗೋಡೆಯಲ್ಲಿ ಸಣ್ಣ ಸೆಲೆಯೊಂದು ಜಿನುಗುತ್ತದೆ. ಹೊರಗೆ ಕಲ್ಲು ಕಾದು ಕಾಲು ಸುಡುವಾಗಲೂ ಆ ಗೋಡೆಯ ಪಸೆ ಆರುವುದಿಲ್ಲ.

ಆ ಗೋಡೆಯ ಮೇಲೆ ಅವಳ ಹಾವಸೆ ಇತ್ತು. ನೆಲದಿಂದ ಎದೆಯೆತ್ತರದವರೆಗೆ ಬಂಡೆಯನ್ನು ಹಿಡಿದು ತೆವಳಿಕೊಂಡು, ಕವಲೊಡೆದು, ಒಂದರ ಮೇಲೊಂದು ಹರಡಿತ್ತು. ಆದೆಮ್ಮ ನಮಸ್ಕಾರ ಮಾಡಿದವಳೇ ಹೊಟ್ಟೆಯ ಮೇಲೆ ಮಲಗಿಬಿಟ್ಟಳು. ಜಾಕೀಟಿನ ಗುಂಡಿಗೆ ಕಟ್ಟಿದ್ದ ಪುಟ್ಟ ಭೂತಗನ್ನಡಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಪತ್ತೇದಾರನಂತೆ ಅದನ್ನು ಗೋಡೆಗೆ ಹಿಡಿದು ದೂರದಿಂದ ನೋಡಿದೆ, ಏನೂ ಕಾಣಲಿಲ್ಲ.

"ಗಾಜು ಕಣ್ಣಿಗೆ ಹಚ್ಚ್ರಿ ಸರ್. ಮಾರಿ ತಂದು ಗಿಡಕ್ಕ ಹಚ್ಚ್ರಿ. ನಾಚ್ಕೋಬ್ಯಾಡ್ರಿ, ಯಾರೂ ನೋಡಾಕತ್ತಿಲ್ಲ."

ಹಚ್ಚಿದೆ. ಹುಬ್ಬು ಅಡ್ಡ ಬಂತು, ಉಸಿರಿಗೆ ಗಾಜು ಮಸುಕಾಯಿತು, ಮೊಣಕೈಗೆ ಕಲ್ಲು ಒತ್ತಿತು. ಆಮೇಲೆ ಇದ್ದಕ್ಕಿದ್ದಂತೆ ಕಂಡಿತು. ಒಂದೊಂದು ಎಳೆಯ ಎರಡೂ ಕಡೆ ಎಲೆಗಳು, ತುದಿ ಚೂಪು, ಬೆಳಕು ಅವುಗಳನ್ನು ದಾಟಿ ಬರುತ್ತಿತ್ತು. ಇಷ್ಟು ವರ್ಷ ಇದರ ಮೇಲೆ ಚಪ್ಪಲಿ ಉಜ್ಜುತ್ತಿದ್ದೆನಲ್ಲ ಎಂದು ಕೆಡುಕೆನಿಸಿತು.

"ನಡುನರ ಅದ ಏನು, ನೋಡ್ರಿ."

ಇರಲಿಲ್ಲ. ಬೇವಿನೆಲೆಗಿದೆ, ಆಲದೆಲೆಗಿದೆ, ಇದಕ್ಕೆ ಇಲ್ಲ. ಅಂಚಿಗೆ ಹಲ್ಲೂ ಇಲ್ಲವೆನ್ನುವಷ್ಟು ಸಣ್ಣ. ಹೀಗೆ ಇಲ್ಲ ಇಲ್ಲ ಎನ್ನುತ್ತಲೇ ಅವಳು ಪುಸ್ತಕದ ನೂರಾರು ಜಾತಿಗಳನ್ನು ಬದಿಗೆ ಸರಿಸಿ ಎರಡಕ್ಕೆ ಬಂದು ನಿಂತಿದ್ದಳು. ಒಂದು ಮಳೆಕಾಡಿನದು, ಇಲ್ಲಿ ಸಿಕ್ಕರೆ ದೊಡ್ಡ ಸುದ್ದಿ. ಇನ್ನೊಂದು ನೀರಿನ ಪಸೆಯಿರುವ ಕಲ್ಲಿಗೆ ಎಲ್ಲೆಡೆ ಹಬ್ಬುವ ಸಾಧಾರಣದ್ದು. ಎಲೆ ನೋಡಿ ಇಷ್ಟೇ ಹೇಳಬಹುದಿತ್ತು. ಮುಂದಿನದನ್ನು ಹೇಳಬೇಕಾದದ್ದು ಕಾಯಿ. ಹಾವಸೆಗೆ ಹೂವಿಲ್ಲ, ಕೆಂಪು ದಾರದಂಥ ಕಡ್ಡಿಯ ತುದಿಗೆ ಸಾಸಿವೆಗಿಂತ ಚಿಕ್ಕ ಕಾಯಿ ಬರುತ್ತದೆ, ಅದರೊಳಗೆ ಹಿಟ್ಟಿನಂಥ ಬೀಜಕ. ಬಲಿತ ಕಾಯಿ ನೆಟ್ಟಗೆ ನಿಂತರೆ ಮಳೆಕಾಡಿನದು, ತಲೆ ಬಾಗಿಸಿದರೆ ಸಾಧಾರಣದ್ದು. ಆದರೆ ಈ ಗೋಡೆಯಲ್ಲಿ ಕಾಯಿಯನ್ನು ಯಾರೂ ಕಂಡಿರಲಿಲ್ಲ.

ಅವಳು ದೂರದ ವಿಶ್ವವಿದ್ಯಾಲಯದ ತಜ್ಞರೊಬ್ಬರಿಗೆ ಒಣಗಿದ ಎಳೆಗಳನ್ನು ಕಳಿಸಿದ್ದಳು. ಅವರು ಫೋನ್ ಮಾಡಿದಾಗ ನಾನು ಎದುರಿಗೇ ಇದ್ದೆ, ಸ್ಪೀಕರ್ ಹಾಕಿದ್ದಳು.

"ಕಾಯಿ ಇಲ್ಲದೆ ನಾನು ಹೆಸರು ಕೊಡುವುದಿಲ್ಲ. ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಇದು ನಿಮ್ಮ ಕಡೆಯದ್ದೇ ಎಂದು ನನಗೆ ನಂಬಿಕೆ ಇಲ್ಲ. ಯಾರೋ ಮಲೆನಾಡಿನಿಂದ ತಂದ ಹೂಕುಂಡದ ಜೊತೆ ಬಂದಿರಬೇಕು. ರಾಯಚೂರಿನಲ್ಲಿ ಬಿಸಿಲು, ಕಲ್ಲು ಬಿಟ್ಟರೆ ಏನಿದೆ?"

ನಾನು ಹುಟ್ಟಿ ಬೆಳೆದದ್ದು ರಾಯಚೂರು ಪೇಟೆಯಲ್ಲಿ. ಈ ಬಿಸಿಲಿನ ಮಾತನ್ನು ಮದುವೆ ಮನೆಯಲ್ಲಿ, ರೈಲಿನಲ್ಲಿ, ಬೀಗರ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದೆ. ನಮ್ಮನ್ನು ಕಂಡೊಡನೆ ಎಲ್ಲರಿಗೂ ಬೆವರು ಒರೆಸಿಕೊಳ್ಳುವ ಆಸೆಯಾಗುತ್ತದೆ. ನನಗೆ ಸಿಟ್ಟು ನೆತ್ತಿಗೇರಿ ಫೋನ್ ಕಸಿದುಕೊಳ್ಳಲು ಹೋದೆ. ಆದೆಮ್ಮ ಕೈ ಅಡ್ಡ ಹಿಡಿದಳು.

"ಕಾಯಿ ತೋರಿಸಿದ್ರ ರಾಯಚೂರು ಅಂತ ಬರೀತೀರೇನ್ರೀ ಸರ್?"

"ಜಾಗದಲ್ಲಿ ಬೆಳೆಯುತ್ತಿರುವ ಫೋಟೋ, ಬಲಿತ ಕಾಯಿ, ಎರಡೂ ಇದ್ದರೆ ಖಂಡಿತ ಬರೆಯುತ್ತೇನೆ."

"ಹಂಗಾದ್ರ ಪೆನ್ನು ತೆಗೆದಿಟ್ಕೊಳ್ರಿ," ಎಂದು ಫೋನ್ ಇಟ್ಟಳು. ಅವಳಿಗೆ ಅವಮಾನವಾಗಿತ್ತು, ಅದನ್ನು ಅವಳು ಮುಚ್ಚಿಡಲೂ ಇಲ್ಲ. "ನಮ್ಮ ಯಪ್ಪ, ನಮ್ಮಜ್ಜ, ಎಲ್ಲಾರೂ ಆ ಗ್ವಾಡಿಗೆ ಬೆನ್ನು ಹಚ್ಚಿ ಕುಂತು ರೊಟ್ಟಿ ತಿಂದಾರ. ಹೂಕುಂಡದಾಗ ಬಂದದ್ದಂತ! ಗುಡ್ಡಕ್ಕ ಹೂಕುಂಡ ಒಯ್ದು ಇಟ್ಟವರು ಯಾರ್ರೀ?"

ಅವಳ ತಂದೆ ಪರಮಣ್ಣ ಕುರಿ ಕಾಯುತ್ತಿದ್ದ. ಅವನಿಗೆ ಇಬ್ಬರೂ ಹೆಣ್ಣುಮಕ್ಕಳು, ಆದೆಮ್ಮ ಹಿರಿಯಳು. ಕುರಿ ಮಾರಿ ಓದಿಸಿದ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳು. ಓದಬೇಡ, ಕುರಿ ನೋಡಿಕೋ ಎಂದು ಅಪ್ಪ, ಓದುತ್ತೇನೆ ಎಂದು ಮಗಳು, ತಾಯಿ ಅಂಬಮ್ಮ ಇಬ್ಬರ ನಡುವೆ ನಿಂತು ಇಬ್ಬರಿಗೂ ಬೈಯುತ್ತ ಕಾಲೇಜಿನ ಬಾಗಿಲಿಗೆ ತಂದು ಬಿಟ್ಟವಳು. ಆ ದಿನ ನಾನೇ ನೋಡಿದ್ದೇನೆ. "ಇದರ ಬಾಯಿ ಮುಚ್ಚಸ್ರಿ ಸರ್, ನಮ್ಮ ಕೈಲೆ ಆಗವಲ್ದು," ಎಂದು ನನಗೆ ಒಪ್ಪಿಸಿ ಹೋದಳು. ನನ್ನ ಕೈಲೂ ಆಗಲಿಲ್ಲ. ಆಮೇಲೆ ಮಾನ್ವಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟ ನಿಂಗರಾಜನಿಗೆ ಅವಳನ್ನು ಕೊಟ್ಟರು. ಅವನು ಮಾತು ಕಡಿಮೆ. ಜಾಣ.

ಈ ಹಾವಸೆಗೆ ಕಾಯಿ ಏಕೆ ಬರುವುದಿಲ್ಲ ಎಂದು ಆದೆಮ್ಮ ಮಳೆಗಾಲವೆಲ್ಲ ತಲೆ ಕೆಡಿಸಿಕೊಂಡಳು. ಉತ್ತರ ಹೊಳೆದದ್ದು ಅವಳ ತಂಗಿಯ ಮನೆಯಲ್ಲಿ, ಮಾನವಮಿಗೆ, ಅಂದರೆ ಮಹಾನವಮಿ ಹಬ್ಬಕ್ಕೆ, ಪಾತ್ರೆ ತಿಕ್ಕುತ್ತ ಕೂತಾಗ. ಮಾನವಮಿ! ಪ್ರತಿ ವರ್ಷ ಮಾನವಮಿಗೆ ಮುಂಚೆ ಗವಿಯವ್ವನ ಗವಿಯನ್ನು ತೆಂಗಿನ ಜುಂಗಿನಿಂದ ತಿಕ್ಕಿ, ಸುಣ್ಣ ಹೊಡೆದು, ಕೆಮ್ಮಣ್ಣಿನ ಪಟ್ಟಿ ಎಳೆಯುವುದು ವಾಡಿಕೆ. ದೇವಿಯ ಮೈಗೆ ಕೊಳೆ ಹತ್ತಿದೆ ಎಂದು ಭಕ್ತಿಯಿಂದ ತಿಕ್ಕುತ್ತಿದ್ದರು. ಮಳೆ ಮುಗಿದು ಹಾವಸೆ ಕಾಯಿ ಕಟ್ಟಲು ಅಣಿಯಾಗುವ ಹೊತ್ತೂ ಅದೇ. ತಲೆತಲಾಂತರದಿಂದ ಅದಕ್ಕೆ ಕಾಯಿ ಬಿಡಲು ಯಾರೂ ಪುರುಸೊತ್ತು ಕೊಟ್ಟಿರಲಿಲ್ಲ. ಉಳಿದ ಚೂರಿನಿಂದ ಮತ್ತೆ ಹಬ್ಬುತ್ತಿತ್ತು, ಮತ್ತೆ ತಿಕ್ಕಿಸಿಕೊಳ್ಳುತ್ತಿತ್ತು.

ಆ ವರ್ಷ ಕಾಲ ಮೀರಿತ್ತು, ಗೋಡೆ ಆಗಲೇ ಬೆಳ್ಳಗಾಗಿತ್ತು. ಆದೆಮ್ಮ ಹಲ್ಲು ಕಚ್ಚಿಕೊಂಡು ಮುಂದಿನ ವರ್ಷಕ್ಕೆ ಕಾದಳು, ಏಕೆಂದರೆ ಮುಂದಿನ ವರ್ಷದ ಪಾಳಿ ಅವಳ ತವರುಮನೆಯದು. ಗುಡಿಯ ಕೆಲಸ ಕುರುಬರ ಮನೆಗಳಿಗೆ ಒಂದೊಂದು ವರ್ಷ ಸರದಿಯಂತೆ ಬರುತ್ತದೆ. ಪಾಳಿ ಹಿಡಿದ ಮನೆಯವರು ಮೊದಲು ಮಾನವಮಿಗೆ ಗವಿ ತಿಕ್ಕಿ, ಅಲ್ಲಿಂದ ಮುಂದಿನ ಮಾನವಮಿಯವರೆಗೆ ದೀಪ ಹಚ್ಚಬೇಕು, ಕಸ ಹೊಡೆಯಬೇಕು. ಅವರ ಮಾತಿಲ್ಲದೆ ಬೇರೆಯವರು ಒಳಗೆ ಕೈ ಹಾಕುವಂತಿಲ್ಲ. ಪರಮಣ್ಣ ತೀರಿಹೋಗಿದ್ದ. ಗಂಡುಮಕ್ಕಳಿಲ್ಲದ ಮನೆ, ಪಾಳಿ ಮುಂದಿನ ಮನೆಗೆ ಹೋಗಲಿ ಎಂದು ಊರಲ್ಲಿ ಮಾತು ಎದ್ದಿತು.

ಮಾತು ಎಬ್ಬಿಸಿದವರು ವಿರೂಪಣ್ಣ ಸಾವ್ಕಾರರು. ಅದೇ ಊರಿನವರು, ಮಾನ್ವಿಯಲ್ಲಿ ಅಕ್ಕಿ ಮಿಲ್ಲು. ಗುಡಿಯ ಸೇವಾ ಸಮಿತಿಗೆ ಅಧ್ಯಕ್ಷರು. ಅವರನ್ನು ಕೆಟ್ಟವರೆನ್ನಲು ನನಗೆ ಬಾಯಿ ಬರುವುದಿಲ್ಲ. ಹಣೆ ತುಂಬ ವಿಭೂತಿ, ಬಾಯಿ ತುಂಬ ಶರಣು, ಮಿಲ್ಲಿನ ಅಂಗಳದಲ್ಲಿ ಒಂದು ಹೊಟ್ಟಿನ ಕಣ ಬಿದ್ದಿದ್ದರೆ ಗುಮಾಸ್ತನಿಗೆ ಊಟ ರುಚಿಸದಂತೆ ಬೈಯುವ ಮನುಷ್ಯ. ಅವರ ತಾಯಿ ನೀಲಗಂಗಮ್ಮ ಗವಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅಂದಿನಿಂದ ಗವಿಯ ಒಳಹೊರಗೆಲ್ಲ ಹಸಿರು ಉಳಿಯದಂತೆ ಆಸಿಡ್ ಹೊಯ್ಸಿ, ಗೋಡೆಗೂ ಮೆಟ್ಟಿಲಿಗೂ ಟೈಲ್ಸ್ ಹಾಕಿಸಿಕೊಡುತ್ತೇನೆ ಎಂದು ಹರಕೆ ಹೊತ್ತಿದ್ದರು. ಪಾಳಿ ತಮ್ಮ ಮಾತು ಕೇಳುವ ಮನೆಗೆ ಹೋದರೆ ಕೆಲಸ ಸಲೀಸು.

ಬೇವಿನ ಕಟ್ಟೆಯಲ್ಲಿ ಸಭೆ ಸೇರಿತು. ಆದೆಮ್ಮ ನನ್ನನ್ನೂ ಕರೆದುಕೊಂಡು ಹೋದಳು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಬಾಗಿಲುಗಳಲ್ಲಿ. ಇವಳು ಕಟ್ಟೆಯ ಎದುರು ನಟ್ಟ ನಡುವೆ ನಿಂತಳು.

"ಪಾಳಿ ನಮ್ಮ ಮನೀದು. ನಾನು ಹಿಡೀತೀನಿ."

"ಕೊಟ್ಟ ಹೆಣ್ಣಿಗೆ ತವರಮನಿ ಪಾಳಿ ಎಲ್ಲೀದವ್ವಾ?" ಎಂದರು ವಿರೂಪಣ್ಣ, ಮೆತ್ತಗೆ. "ಗಂಡಸರ ಹೆಸರಿಲೆ ಬಂದದ್ದು ಅದು."

"ಹೆಸರು ಗಂಡಸರ್ದು ಖರೆ. ತಿಕ್ಕಿದವರು ಯಾರ್ರೀ? ಹೋದ ಸಲ ಯಪ್ಪನ ಪಾಳಿ ಇದ್ದಾಗ ಆ ಗ್ವಾಡಿ ತಿಕ್ಕಿದಾಕಿ ನಾನು. ಅಂಗೈ ಸುಲದು ರಕ್ತ ಬಂದಿತ್ತು. ಆವಾಗ ಯಾರೂ, ನೀ ಹೆಣ್ಣು, ಕೈ ಹಚ್ಚಬ್ಯಾಡ ಅನ್ನಲಿಲ್ಲ. ಇಲ್ಲಿ ಕುಂತ ಗಂಡಸರಾಗ ಯಾರರೆ ಒಬ್ಬರು ಜುಂಗು ಹಿಡದದ್ದು ಇದ್ರ ಕೈ ಎತ್ತ್ರಿ, ಪಾಳಿ ಅವರಿಗೇ ಕೊಡ್ತೀನಿ."

ಯಾರೂ ಕೈ ಎತ್ತಲಿಲ್ಲ. ಬಾಗಿಲುಗಳಲ್ಲಿ ನಗು ಎದ್ದಿತು. ಮೊದಲು ಒಬ್ಬಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು, ಆಮೇಲೆ ಓಣಿಗೆ ಓಣಿಯೇ ನಕ್ಕಿತು. ಗಂಡಸರಿಗೆ ಮನೆಗೆ ಹೋಗಿ ರೊಟ್ಟಿ ಉಣ್ಣಬೇಕಿತ್ತಲ್ಲ, ಒಪ್ಪಿಕೊಂಡರು.

ಅವಳು ಏನು ಮಾಡುತ್ತಾಳೆಂದು ಊರಿಗೆ ಗೊತ್ತಾದದ್ದು ಮಾನವಮಿಯ ಬೆಳಿಗ್ಗೆ. ಮೆಟ್ಟಿಲುಗಳ ಲೋಳೆ ಪಾಚಿಯನ್ನು ಬೂದಿ ಹಾಕಿ ತಾನೇ ತಿಕ್ಕಿ, ಬರಿಗಾಲು ಗಟ್ಟಿಯಾಗಿ ಹಿಡಿಯುವಂತೆ ಮಾಡಿದ್ದಳು. ಗವಿ ಗುಡಿಸಿದ್ದಳು, ಕಲ್ಲು ತೊಳೆದಿದ್ದಳು. ಹಿಂದಿನ ಗೋಡೆಯನ್ನು ಮುಟ್ಟಿರಲಿಲ್ಲ. ದೀಪದ ಬೆಳಕಿನಲ್ಲಿ ಗವಿಯವ್ವನ ಬೆನ್ನಿಗೆ ಗೋಡೆಯೆಲ್ಲ ಹಸಿರಾಗಿ ನಿಂತಿತ್ತು. ಆರತಿ ತಂದ ಹೆಂಗಸರು ಬಾಗಿಲಲ್ಲೇ ನಿಂತುಬಿಟ್ಟರು.

"ಕಟ್ಟೆ ಮುಂದ ಯಾಕೆ ಹೇಳಲಿಲ್ಲ ಮಾರಾಯ್ತಿ?" ಎಂದು ನಾನು ಕೇಳಿದೆ.

"ಅವರು ಕೇಳಲಿಲ್ಲ," ಎಂದಳು.

ಆಮೇಲೆ ಶುರುವಾಯಿತು. ಯಾರದೋ ಕುರಿ ಸತ್ತರೆ ತಿಕ್ಕದ ಗೋಡೆ ಕಾರಣ, ಯಾರದೋ ಬೋರಿಗೆ ನೀರು ಕಡಿಮೆಯಾದರೆ ತಿಕ್ಕದ ಗೋಡೆ ಕಾರಣ. ಅಂಬಮ್ಮ ಮಗಳಿಗೆ ಫೋನ್ ಮಾಡಿ ಅತ್ತಳು. "ನಳದ ಹಂತೇಲಿ ನನ್ನ ಕೂಡ ಯಾರೂ ಮಾತಾಡವಲ್ರು. ಆ ಹಸರಿನಾಗ ಏನದ ಅಂತ ಜಿದ್ದು ಹಿಡದೀ ಬೇ? ತಿಕ್ಕಿ ಒಗದು ಬಾ." ಆದೆಮ್ಮನೂ ಅತ್ತಳು. ಅತ್ತು ಮುಗಿಸಿ, "ಹೋದ ವರ್ಷ ತಿಕ್ಕಿದ್ರು, ಆವಾಗ ಸತ್ತ ಕುರಿಗೆ ಯಾರು ಕಾರಣ ಅಂತ ಕೇಳು," ಎಂದಳು. ಮರುದಿನ ಅಂಬಮ್ಮ ನಳದ ಬಳಿ ಅದನ್ನೇ ಕೇಳಿದಳಂತೆ, ಇನ್ನೂ ಜೋರಾಗಿ. ಬಾಯಿ ಯಾರಿಂದ ಬಂದದ್ದು ಎಂದು ನನಗೆ ಆಗ ತಿಳಿಯಿತು.

ಕಾರ್ತಿಕದಲ್ಲಿ ಕಾಯಿ ಬಂದವು. ಆದೆಮ್ಮ ತರಗತಿಯಿಂದ ಹೊರಬಂದವಳೇ ನನ್ನ ಸ್ಕೂಟರ್ ಹತ್ತಿ ಕೂತು, "ನಡೀರಿ ಸರ್," ಎಂದಳು. ಹೋಗಿ ಮಲಗಿ ಗಾಜು ಹಚ್ಚಿದೆ. ಗೋಡೆಯ ತುಂಬ ಕೆಂಪು ಎಳೆಗಳು ಎದ್ದು ನಿಂತಿದ್ದವು. ಒಂದೊಂದರ ತುದಿಗೂ ಪುಟ್ಟ ಹಸಿರು ಕಾಯಿ, ಕಾಯಿಗೊಂದು ಟೊಪ್ಪಿಗೆ, ಒಂದು ಮಗ್ಗುಲಿಗೆ ಸೀಳಿದ್ದು. ಮಳೆಯಲ್ಲಿ ಕುರುಬರು ಕಂಬಳಿಯನ್ನು ಮಡಿಸಿ ತಲೆಗೆ ಹಾಕಿಕೊಳ್ಳುವ ಕೊಪ್ಪೆ ಇರುತ್ತದಲ್ಲ, ಥೇಟ್ ಹಾಗೆ. ಎಲ್ಲವೂ ನೆಟ್ಟಗೆ ನಿಂತಿದ್ದವು.

"ನೆಟ್ಟಗವ ಸರ್!" ಅವಳ ದನಿ ಗವಿಯೆಲ್ಲ ತುಂಬಿತು. "ನೆಟ್ಟಗವ! ಆದ್ರ ಇನ್ನೂ ಎಳೀವು. ಎಳೀದ್ರಾಗ ಎಲ್ಲಾ ನೆಟ್ಟಗೇ ಇರ್ತಾವ. ಕೊಪ್ಪಿ ಉದುರಿ, ಕಾಯಿ ಬಲೀಬೇಕು. ಎಳ್ಳಮಾಸಿ ತನಕ ತಡೀಬೇಕು."

ಹೊರಗೆ ಜೀಪಿನ ಸದ್ದಾಯಿತು. ವಿರೂಪಣ್ಣ ಬಂದಿದ್ದರು. ಹಿಂದೆ ಗಾರೆ ಕೆಲಸದ ಗೌಂಡಿ ಶಾಮೀದಸಾಬ, ಅವನ ಕೈಯಲ್ಲಿ ಆಸಿಡ್ ಕ್ಯಾನು, ಜೀಪಿನಲ್ಲಿ ಟೈಲ್ಸ್ ಡಬ್ಬಿ. ತನ್ನ ಹೆಸರಿನ ಸೇವೆಯನ್ನು ಕಣ್ಣಾರೆ ನೋಡಬೇಕೆಂದು ನೀಲಗಂಗಮ್ಮನೂ ಬಂದಿದ್ದಳು. ಇಬ್ಬರು ಆಳುಗಳು ಅವಳನ್ನು ಕುರ್ಚಿಸಮೇತ ಎತ್ತಿ ತಂದು ಗವಿಯ ಬಾಯಲ್ಲಿ ಇಳಿಸಿದರು.

"ಸಮಿತಿ ಠರಾವು ಆಗ್ಯದ ಮೇಡಮ್ಮ," ಎಂದರು ವಿರೂಪಣ್ಣ. "ಬಾಜೂಕ ಸರೀರಿ."

ಆದೆಮ್ಮ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ತಾಗಬಾರದೆಂದು ಒಂದು ಗೇಣು ಬಿಟ್ಟು ನಿಂತಿದ್ದಳು. "ಠರಾವು ಸಮಿತೀದು. ಪಾಳಿ ನಂದು. ಪಾಳಿ ಮುಗಿಯೂತನಕ ನಾ ಹೇಳದ ಒಂದು ಹನಿ ಆಸಿಡ್ ಇಲ್ಲಿ ಬೀಳಂಗಿಲ್ಲ. ಬೀಳಸಬೇಕಂದ್ರ ನನ್ನ ಮ್ಯಾಲೆ ಮೊದಲು ಬೀಳಸ್ರಿ."

"ಶಾಮೀದಸಾಬ, ನಿನ್ನ ಕೆಲಸ ನೀ ಮಾಡು."

"ಹೆಣ್ಮಗಳು ನಿಂತಲ್ಲಿ ನಾ ಆಸಿಡ್ ಹೊಯ್ಯಂಗಿಲ್ರೀ ಸಾವ್ಕಾರ್ರ," ಎಂದು ಶಾಮೀದಸಾಬ ಕ್ಯಾನು ಕೆಳಗಿಟ್ಟು ಬೀಡಿ ಹುಡುಕಿದ. ದೇವರ ಮುಂದೆ ಎಂದು ನೆನಪಾಗಿ ಮತ್ತೆ ಜೇಬಿಗೆ ಹಾಕಿಕೊಂಡ.

ವಿರೂಪಣ್ಣನ ಮುಖ ಕೆಂಪಾಯಿತು. "ನನ್ನ ತಾಯಿ ಇಲ್ಲೇ ಬಿದ್ದಾಳ! ನಿಮಗ ನಿಮ್ಮ ಓದು ದೊಡ್ಡದು. ನನಗ ನನ್ನ ತಾಯಿ ಸೊಂಟ ದೊಡ್ಡದು!" ಅದು ನಾಟಕವಾಗಿರಲಿಲ್ಲ.

"ಯವ್ವ ಬಿದ್ದದ್ದು ಮೆಟ್ಲಾಗ. ಮೆಟ್ಲು ನಾ ತಿಕ್ಕೀನಿ. ವಾರ ವಾರ ಬಂದು ತಿಕ್ಕತೀನಿ. ಅದು ಬ್ಯಾರೆ, ಇದು ಬ್ಯಾರೆ. ಗ್ವಾಡಿ ಮ್ಯಾಲೆ ಯಾರು ನಡೀತಾರ್ರೀ?"

ಅಷ್ಟರಲ್ಲಿ ನೀಲಗಂಗಮ್ಮ ಕುರ್ಚಿಯಿಂದ, "ಅದೇನು ನೋಡಾಕತ್ತಿದ್ದಿ ಬೇ ಮಲಕೊಂಡು? ನನಗೂ ತೋರ್ಸು," ಎಂದಳು. ಆಳುಗಳು ಕುರ್ಚಿಯನ್ನು ಗೋಡೆಗೆ ಹಚ್ಚಿ ಇಟ್ಟರು. ಆದೆಮ್ಮ ಅವಳ ಕನ್ನಡಕ ತೆಗೆಸಿ, ಗಾಜನ್ನು ಕಣ್ಣಿಗೆ ಹಿಡಿದು, ತಲೆಯನ್ನು ಮೆಲ್ಲಗೆ ಗೋಡೆಯ ಕಡೆ ಬಗ್ಗಿಸಿದಳು. ಮುದುಕಿ ಬಹಳ ಹೊತ್ತು ನೋಡಿದಳು. ವಿರೂಪಣ್ಣ ಗಡಿಯಾರ ನೋಡಿಕೊಂಡರು.

"ಅಯ್ಯ ಶಿವನ! ಎಲ್ಲಾ ಕೊಪ್ಪಿ ಹಾಕ್ಕೊಂಡು ನಿಂತಾವಲ್ಲಬೇ! ಏನವು?"

"ಕಾಯಿರೀ ಯವ್ವಾ. ಎಳೀ ಕಾಯಿ. ಇನ್ನ ಬಲೀಬೇಕು."

"ಅಂದ್ರ ಹೊಡಿ ಹಿಡದದ ಅನ್ನು."

ಜೋಳ ತೆನೆ ಕಟ್ಟುವ ಮುಂಚೆ ಸುಳಿ ಉಬ್ಬುತ್ತದೆ, ಅದಕ್ಕೆ ಹೊಡೆ ಎನ್ನುತ್ತೇವೆ. ಆ ಹೊತ್ತಿಗೆ ಬೆಳೆ ಬಸುರಿ. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ, ಬಸುರಿಗೆ ಬಯಕೆ ಊಟ ಉಣಿಸಿದಂತೆ, ಬೆಳೆಗೆ ಹಬ್ಬದ ಅಡಿಗೆಯ ಚರಗ ಚೆಲ್ಲುತ್ತೇವೆ. ಅಲ್ಲಿಯವರೆಗೆ ಅದಕ್ಕೆ ಕುಡುಗೋಲು ತೋರಿಸುವ ಒಕ್ಕಲಿಗ ಆ ಊರಲ್ಲಿ ಹುಟ್ಟಿಲ್ಲ.

ನೀಲಗಂಗಮ್ಮ ಮಗನ ಕಡೆ ತಿರುಗಿದಳು. "ವಿರೂಪಾ, ಹೊಡಿ ಹಿಡದದ್ದಕ್ಕ ಆಸಿಡ್ ಹೊಯ್ತೀಯೇನು? ನನ್ನ ಹೆಸರಿಲೆ? ಚರಗ ಚೆಲ್ಲಿದ ಮ್ಯಾಲೆ ಏನರೆ ಮಾಡು. ಈಗ ನಡಿ ಮನೀಗೆ."

ಕುರ್ಚಿ ಬಂದಂತೆಯೇ ಹೋಯಿತು, ಜೀಪು ಹೋಯಿತು. ಆದೆಮ್ಮ ಅಲ್ಲೇ ಕುಸಿದು ಕೂತಳು.

ಎಳ್ಳಮಾಸಿಯವರೆಗೆ ಗೋಡೆ ಉಳಿಯಿತು. ಚರಗ ಚೆಲ್ಲಿದ ಮರುದಿನ ನಾವಿಬ್ಬರೂ ಗವಿಗೆ ಹೋದೆವು. ಕೊಪ್ಪೆಗಳೆಲ್ಲ ಉದುರಿದ್ದವು. ಕಾಯಿ ಕಂದು ತಿರುಗಿದ್ದವು. ಆದೆಮ್ಮ ಗಾಜು ಹಚ್ಚಿದಳು, ತೆಗೆದಳು, ಒರೆಸಿದಳು, ಮತ್ತೆ ಹಚ್ಚಿದಳು. ನನಗೆ ಗಾಜೇ ಬೇಕಾಗಲಿಲ್ಲ. ಕಡ್ಡಿಯ ತುದಿ ಕೊಕ್ಕೆಯಂತೆ ಬಾಗಿ, ಪ್ರತಿಯೊಂದು ಕಾಯಿಯೂ ನೆಲ ನೋಡುತ್ತಿತ್ತು.

ಅವಳು ಕೆಲವು ಕಾಯಿಗಳನ್ನು ಕಾಗದದಲ್ಲಿ ಮಡಿಸಿಕೊಂಡು ನನ್ನ ಜೊತೆ ರಾಯಚೂರಿಗೆ ಬಸ್ ಹತ್ತಿದಳು. ನಮ್ಮ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಬೆಳೆದು ಅದೇ ಒಂದು ಪಾಠವಾಗಿತ್ತು. ರಾಯಚೂರಿನಲ್ಲಿ ನನ್ನ ಗೆಳೆಯನೊಬ್ಬನ ಕಾಲೇಜಿನಲ್ಲಿ ಒಳ್ಳೆಯದಿತ್ತು. ಅಲ್ಲಿ ಕಾಯಿಯ ಬಾಯಿ ನೋಡಿದೆವು. ಮುಚ್ಚಳ ಬಿದ್ದು, ಬಾಯಿಯ ಸುತ್ತ ಹಲ್ಲುಗಳು ಎರಡು ಸುತ್ತು, ಒಳಗೊಂದು ಹೊರಗೊಂದು. ಎಲೆಯ ಕೋಶಗಳು ಅಗಲ, ಜೇನುಹುಟ್ಟಿನ ಮನೆಗಳಂತೆ. ಅವಳು ಕಣ್ಣೆತ್ತಿ, "ವೆಸಿಕುಲೇರಿಯಾ," ಎಂದಳು. "ಸಾಧಾರಣದ್ದೇ."

ನನಗೆ ಅಳು ಬಂದಂತಾಯಿತು. ಇಷ್ಟೆಲ್ಲ ಬೈಸಿಕೊಂಡು, ತಾಯಿಯನ್ನು ಅಳಿಸಿ, ಕೊನೆಗೆ ಎಲ್ಲ ಕಲ್ಲಿಗೂ ಹಬ್ಬುವ ಜಾತಿಯೇ? ಅವಳು ತಜ್ಞರಿಗೆ ಫೋಟೋ ಕಳಿಸಿ ಫೋನ್ ಮಾಡಿದಳು. ದೊಡ್ಡ ಮನುಷ್ಯ, ನಗಲಿಲ್ಲ. "ನಿಮ್ಮ ಗುರುತು ಸರಿ ಇದೆ. ಅಪರೂಪದ್ದಲ್ಲ, ಆದರೆ ನಿಮ್ಮಲ್ಲೇ ಬೆಳೆದು ಕಾಯಿ ಬಿಟ್ಟಿದೆ. ಹೂಕುಂಡದ ಮಾತು ಹಿಂದಕ್ಕೆ ತೆಗೆದುಕೊಂಡೆ."

"ರಾಯಚೂರು ಅಂತ ಬರಕೊಂಡ್ರೇನ್ರೀ?"

"ಬರೆದುಕೊಂಡೆ."

"ಜಿಲ್ಲಾ ಅಷ್ಟೇ ಅಲ್ರೀ. ಗವಿಯವ್ವನ ಗುಡ್ಡ ಅಂತನೂ ಬರೀರಿ."

ಸುದ್ದಿ ನಮಗಿಂತ ಮೊದಲು ಊರು ಮುಟ್ಟಿತು. ಮುಂದಿನ ಸೋಮವಾರ ಜೀಪು ಮತ್ತೆ ಗವಿಯ ಮುಂದೆ ನಿಂತಿತು. ಶಾಮೀದಸಾಬ ಮರಳು ಇಳಿಸುತ್ತಿದ್ದ. ಈ ಸಲ ವಿರೂಪಣ್ಣನ ಮುಖದಲ್ಲಿ ಸಿಟ್ಟಿರಲಿಲ್ಲ, ಗೆದ್ದ ಕಳೆ ಇತ್ತು. ಹೆಂಗಸರು ಗಂಡಸರು ಒಂದಿಷ್ಟು ಜನ ಸೇರಿದ್ದರು, ಅಂಬಮ್ಮನೂ ಇದ್ದಳು.

"ಎಲ್ಲಾ ಕಡಿ ಸಿಗೂದಂತಲ್ಲ ಮೇಡಮ್ಮ? ಅಪರೂಪದ್ದಲ್ಲಂತ. ಚರಗನೂ ಚೆಲ್ಲೀವಿ, ನೀವೂ ನೋಡೂದು ನೋಡೀರಿ. ಇನ್ನೇನು ತಕರಾರು ಅದ?"

ಆದೆಮ್ಮ ಗೋಡೆಗೆ ಅಡ್ಡ ನಿಲ್ಲಲಿಲ್ಲ. ಹೊರಗೆ ಬಿಸಿಲಿಗೆ ಬಂದು ಅವರ ಎದುರು ನಿಂತಳು.

"ಅಪರೂಪದ್ದು ಆಗಿದ್ರ ನೀವೇ ಜಾಳಿಗಿ ಕಟ್ಟಿಸಿ, ಬೋರ್ಡ್ ಹಾಕಿಸಿ, ಮುಂದ ನಿಂತು ಫೋಟೋ ತೆಗಿಸ್ಕೊಂತಿದ್ರಿ ಸಾವ್ಕಾರ್ರ. ಸಾಧಾರಣದ್ದಂತ ಗೊತ್ತಾತು, ಆಸಿಡ್ ತಂದ್ರಿ. ನಿಮ್ಮ ಮಿಲ್ಲಿನ ಅಕ್ಕಿ ಎಲ್ಲಾ ಕಡಿ ಸಿಗತದ. ನಮ್ಮ ಹೊಲದ ಜ್ವಾಳ ಎಲ್ಲಾ ಕಡಿ ಸಿಗತದ. ನಾ ಎಲ್ಲಾ ಕಡಿ ಸಿಗೂ ಹೆಣ್ಮಗಳು, ನಮ್ಮವ್ವ ಎಲ್ಲಾ ಕಡಿ ಸಿಗೂ ಮುದುಕಿ. ಎಲ್ಲಾರನ್ನೂ ತಿಕ್ಕಿ ಒಗೀತೀರೇನು?"

ಅವಳ ದನಿ ಒಡೆದಿತ್ತು, ಆದರೂ ನಿಲ್ಲಿಸಲಿಲ್ಲ.

"ಇಷ್ಟು ದಿನ ಕೊಳಿ ಅಂತ ತಿಕ್ಕಿದ್ರಿ. ನಾನೂ ತಿಕ್ಕೀನಿ. ಅದು ಏನಂತ ಯಾರಿಗೂ ಗೊತ್ತಿರಲಿಲ್ಲ, ತಪ್ಪಿಲ್ಲ. ಈಗ ಅದಕ್ಕ ಹೆಸರು ಅದ. ವೆಸಿಕುಲೇರಿಯಾ. ಊರು ರಾಯಚೂರು, ಮನಿ ಗವಿಯವ್ವನ ಗ್ವಾಡಿ. ನನ್ನ ಪಾಳಿ ಮುಗೀತದ, ನಾ ಇಲ್ಲಿ ದಿನಾ ಬಂದು ನಿಂದರಂಗಿಲ್ಲ. ಇನ್ನ ತಿಕ್ಕೋರು ಹೆಸರು ಹಿಡದು ಕರದು ತಿಕ್ರಿ."

ವಿರೂಪಣ್ಣ ಗವಿಯ ಒಳಗೆ ನೋಡಿದರು. ಅಲ್ಲಿಂದ ಅವರಿಗೆ ಕಾಯಿ ಕಾಣುವುದು ಸಾಧ್ಯವಿರಲಿಲ್ಲ, ಬರೀ ಹಸಿರು ಕಂಡಿರಬೇಕು. ಶಾಮೀದಸಾಬ ಕರಣಿ ಹಿಡಿದು ಕಾದು ಕಾದು, ಕೊನೆಗೆ ಕೇಳಿದ.

"ಎಲ್ಲಿಂದ ಹಿಡೀಲ್ರೀ ಸಾವ್ಕಾರ್ರ?"

"ಮೆಟ್ಲಿಂದ."

"ಗ್ವಾಡಿ?"

"ಮೆಟ್ಲು ಮಾಡಂದ್ರ ಮೆಟ್ಲು ಮಾಡಲೇ," ಎಂದು ಗದರಿಸಿ ಸಾವ್ಕಾರರು ಜೀಪು ಹತ್ತಿದರು.